ತಾಳವಾಡಿ ಕಡೆ ಕಾಡು ನೋಡಲು ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ (ಹೊಸೂರು): ಅಪ್ಪನಿಗೆ 66. ಆನೆ ನೋಡಬೇಕು ಅಂತ ಬಹಳ ಆಸೆ. ರೆಸಾರ್ಟ್ ಬೇಡ, ಊರಿನವರ ಮನೆಯಲ್ಲೇ ಉಳಿಯೋಣ ಅಂತಿದ್ದಾರೆ. ಮಂಡಿ ನೋವಿದೆ. ಆಗುತ್ತಾ?

ಉತ್ತರ (ತಾಳವಾಡಿ): ಖಂಡಿತ ಬನ್ನಿ ಅಣ್ಣ. ತಮಿಳುನಾಡಾದರೂ ಇಲ್ಲಿ ಮನೆಮನೆಯಲ್ಲೂ ಕನ್ನಡವೇ, ಅಪ್ಪನಿಗೆ ಮಾತಿಗೆ ಬರವಿಲ್ಲ. ಆದರೆ ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬೇಡಿ. ಮಂಡಿ ನೋವಿದ್ದರೆ ಜೀಪೇ ಸರಿ.

ಕಳೆದ ವರ್ಷ ನಾನು ಇಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹಿರಿಯರೊಬ್ಬರ ಜೊತೆ ಹೋಗಿದ್ದೆ. ದಾರಿಯಲ್ಲಿ ಆನೆ ಲದ್ದಿ ಕಂಡಿತು. ಅವರು ಬಗ್ಗಿ ಅಂಗೈ ಹತ್ತಿರ ಹಿಡಿದು, "ಇನ್ನೂ ಬಿಸಿ ಐತೆ" ಅಂದರು. ಆಮೇಲೆ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡಿದರು. ನಮ್ಮ ಕಡೆಯಿಂದಲೇ ಬೀಸುತ್ತಿತ್ತು, ಅಂದರೆ ನಮ್ಮ ವಾಸನೆ ಆನೆಗೆ ಸಿಗುತ್ತಿತ್ತು. ಮಾತಿಲ್ಲದೆ ಹಿಂದಕ್ಕೆ ಬಂದೆವು. ಆನೆ ಕಾಣಲಿಲ್ಲ, ಆದರೆ ಆ ದಿನವನ್ನು ನಾನು ಮರೆಯುವುದಿಲ್ಲ.

ಉತ್ತರ (ಸತ್ಯಮಂಗಲ): ಸತ್ಯಮಂಗಲದಿಂದ ತಾಳವಾಡಿ ಕಡೆ ಹತ್ತುವ ದಿಂಬಂ ಘಾಟಿಯಲ್ಲಿ 27 ತಿರುವುಗಳು. ಅಪ್ಪನಿಗೆ ತಲೆಸುತ್ತು ಬರಬಹುದು, ನಿಧಾನ ಹೋಗಿ. ರಾತ್ರಿ ವಾಹನ ಬಿಡುವುದಿಲ್ಲ, ಸಂಜೆಯೊಳಗೆ ಮೇಲೆ ಸೇರಿಕೊಳ್ಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಲದ್ದಿ ಕಥೆ ಓದಿ ಹೇಳಿದೆ, ಅಪ್ಪ ಆಗಲೇ ಬ್ಯಾಗು ತೆಗೆದಿದ್ದಾರೆ.