ಮೂರನೇ ಮಿಕ್ಸಿಯೂ ಸುಟ್ಟಿತು, ಬಾಳಿಕೆ ಬರೋದು ಯಾವುದು ಹೇಳಿ

ಶ್ರೀನಗರದ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ಏಳೂಕಾಲಿಗೆ ಮಗಳ ಡಬ್ಬಿಗೆ ಇಡ್ಲಿ ಬೆಂದಿತ್ತು, ಚಟ್ನಿಗೆ ಕಾಯಿ, ಹುರಿಗಡಲೆ ಹಾಕಿ ಮಿಕ್ಸಿ ತಿರುಗಿಸಿದೆ. ಗುಂಯ್ ಅಂತ ಒಂದು ಸದ್ದು, ಬ್ಲೇಡ್ ಅಲ್ಲಾಡಲಿಲ್ಲ, ಹಿಂದೆಯೇ ವಾರ್ನಿಷ್ ಸುಟ್ಟ ವಾಸನೆ. ಆರು ವರ್ಷದಲ್ಲಿ ಇದು ಮೂರನೇದು. ಮೊದಲನೇದು ಎರಡೂವರೆ ವರ್ಷ ಬಂತು. ಎರಡನೇದು ವಾರಂಟಿ ಮುಗಿದ ಎರಡೇ ತಿಂಗಳಿಗೆ ಹೋಯ್ತು. ಇದು ಬಂದು ಹದಿನೇಳು ತಿಂಗಳು.

ನಮ್ಮತ್ತೆ 1997ರ ಗೌರಿ ಹಬ್ಬಕ್ಕೆ ಚಿಕ್ಕಪೇಟೆಯಲ್ಲಿ ತಗೊಂಡ ಮಿಕ್ಸಿ 2019ರವರೆಗೆ ಓಡಿತು. ಕಟ್ಟೆ ಮೇಲಿಂದ ಎತ್ತಿಡೋಕೆ ಎರಡೂ ಕೈ ಬೇಕಿತ್ತು, ಅಷ್ಟು ಭಾರ. ಹುಳಿಪುಡಿ, ಚಟ್ನಿಪುಡಿ, ದೋಸೆ ಹಿಟ್ಟು, ಎಲ್ಲ ಅದರಲ್ಲೇ. ಕೊನೆಗೆ ಜೋರಾಗಿ ಸದ್ದು ಮಾಡುತ್ತೆ ಅಂತ ನಾನೇ ಗುಜರಿಯವನಿಗೆ ಕೊಟ್ಟುಬಿಟ್ಟೆ. ರಿಪೇರಿಗೆ ಒಯ್ಯೋಣ ಅಂತ ಅತ್ತೆ ಹೇಳಿದ್ದರು, ನಾನು ಕೇಳಲಿಲ್ಲ. ಅದನ್ನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಿಕ್ಸಿ ಒಂದೇ ಅಲ್ಲ. ಹೋದ ವರ್ಷ ತಗೊಂಡ ಸ್ಟೀಲ್ ಡಬ್ಬಿಗಳಿಗೆ ಹಿಡಿ ಬೆಸೆದ ಜಾಗದಲ್ಲಿ ಕಂದು ಚುಕ್ಕೆ ಬಂದಿದೆ. ಗೀಸರ್ ನಾಲ್ಕೇ ವರ್ಷಕ್ಕೆ ತೂತಾಯ್ತು. ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ, ಹತ್ತು ವರ್ಷ ಬರೋ ಮಿಕ್ಸಿ ಬೇಕು. 750 ವ್ಯಾಟ್ ಸಾಕಾ, 1000 ತಗೋಬೇಕಾ? ನೋಡಿ ತಗೊಳ್ಳೋದು ಹೇಗೆ?

ವೈಂಡಿಂಗ್ ಅಂಗಡಿ

ಅಕ್ಕ, ಅದನ್ನ ಎಸೀಬೇಡಿ. ಮೊದಲು ಒಂದು ಕೆಲಸ ಮಾಡಿ. ಚಟ್ನಿ ಜಾರ್ ಬೋರಲು ಹಾಕಿ, ಕೆಳಗಿನ ಕಪ್ಲರ್ (ಮೋಟಾರಿಗೆ ಕೂರೋ ಹಲ್ಲಿನ ಬಿಲ್ಲೆ) ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಲಟಲಟ ಅಂದರೆ ಜಾರ್ ಬುಷ್, ಅಂದರೆ ಬ್ಲೇಡಿನ ಶಾಫ್ಟ್ ತಿರುಗೋ ಸಣ್ಣ ಕೊಳವೆ, ಹೋಗಿದೆ. ಆಮೇಲೆ ಮಿಕ್ಸಿ ಮೇಲೆ ಜಾರ್ ಕೂರಿಸೋ ಗುಂಡಿ ನೋಡಿ, ಕಪ್ಪು ಜಿಡ್ಡು ಕಟ್ಟಿದೆಯಾ?

ನಾನು ಇಪ್ಪತ್ತಾರು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ನನ್ನ ಹತ್ರ ಸುಟ್ಟು ಬರೋ ಮೋಟಾರುಗಳಲ್ಲಿ ಅರ್ಧಕ್ಕರ್ಧ ಹಾಳಾಗೋದು ಜಾರ್‌ನಿಂದ. ಬುಷ್ ಸವೆದರೆ ಚಟ್ನಿ ನೀರು ಹನಿಹನಿಯಾಗಿ ಶಾಫ್ಟ್ ಮೇಲೆ ಇಳಿಯುತ್ತೆ. ಉಪ್ಪು, ಹುಣಸೆಹುಳಿ ಇರೋ ನೀರು ಬೇರಿಂಗ್ ಸೇರಿ ತುಕ್ಕು ಹಿಡಿಸುತ್ತೆ, ಶಾಫ್ಟ್ ಬಿಗಿಯಾಗುತ್ತೆ. ಬಿಗಿಯಾದ ಶಾಫ್ಟ್ ತಿರುಗಿಸೋಕೆ ಮೋಟಾರು ಹೆಚ್ಚು ಕರೆಂಟ್ ಎಳೀತದೆ, ಕಾಯುತ್ತೆ, ಕೊನೆಗೆ ಒಳಗೆ ಸುತ್ತಿರೋ ತಂತಿ, ಅಂದರೆ ಕಾಯಿಲ್, ಸುಡುತ್ತೆ. ಬುಷ್ ಹಾಕಿಸೋಕೆ ನೂರೈವತ್ತು ರೂಪಾಯಿ ಆಗ್ತಿತ್ತು.

ಆದರೆ ತಪ್ಪೆಲ್ಲ ನಿಮ್ಮದಲ್ಲ. ಕಡಿಮೆ ಬೆಲೆಯ ಎಷ್ಟೋ ಮಿಕ್ಸಿಗಳಲ್ಲಿ ಈಗ ಆ ತಂತಿ ಸುತ್ತು, ಅಂದರೆ ವೈಂಡಿಂಗ್, ಅಲ್ಯೂಮಿನಿಯಂದು. ಮೇಲಿನ ಎನಾಮಲ್ ಲೇಪ ತಾಮ್ರದ ಬಣ್ಣದ್ದೇ, ನೋಡಿದರೆ ಗೊತ್ತಾಗಲ್ಲ. ಬ್ಲೇಡಿನಿಂದ ಒಂದು ಎಳೆ ಕೆರೆದರೆ ಬೆಳ್ಳಗೆ ಹೊಳೆಯುತ್ತೆ. ಅಲ್ಯೂಮಿನಿಯಂ ತಾಮ್ರದ ಶೇ. 60ರಷ್ಟು ಮಾತ್ರ ಕರೆಂಟ್ ಹರಿಸುತ್ತೆ, ಅದೇ ದಪ್ಪದ ತಂತಿ ಹಾಕಿದರೆ ಬೇಗ ಕಾಯುತ್ತೆ. ಅಂಗಡಿಯಲ್ಲಿ ಬಿಚ್ಚಿ ನೋಡೋಕಾಗಲ್ಲ, ಅದಕ್ಕೇ ಡಬ್ಬಿ ಮೇಲೆ ತಾಮ್ರದ ವೈಂಡಿಂಗ್ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಿ, ಬಿಲ್ ಮೇಲೂ ಬರೆಸಿಕೊಳ್ಳಿ. ಎರಡು ಮಿಕ್ಸಿ ಎರಡು ಕೈಯಲ್ಲಿ ಎತ್ತಿ ನೋಡಿ, ವ್ಯಾಟ್ ಒಂದೇ ಇದ್ದು ಒಂದು ತುಂಬ ಹಗುರ ಇದ್ದರೆ ಅದನ್ನ ಅಲ್ಲೇ ಬಿಡಿ.

ವ್ಯಾಟ್ ಹಿಂದೆ ಓಡಬೇಡಿ, ನಾಲ್ಕು ಜನದ ಮನೆಗೆ 750 ಧಾರಾಳ. ಅದಕ್ಕಿಂತ ಮುಖ್ಯ, ತಗೊಳ್ಳೋ ಮುಂಚೆ ನಿಮ್ಮ ಬೀದಿಯ ರಿಪೇರಿಯವನನ್ನ ಕೇಳಿ: ಈ ಮಾಡೆಲ್‌ಗೆ ಕಪ್ಲರ್, ಕಾರ್ಬನ್ ಬ್ರಷ್ (ಮೋಟಾರಿನ ತಿರುಗೋ ಭಾಗಕ್ಕೆ ಕರೆಂಟ್ ಕೊಡೋ ತುಂಡು), ಜಾರ್ ಬುಷ್ ಸಿಗುತ್ತಾ? ನಾನು ಸಾಮಾನು ತರೋದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ. ಹಳೇ ಮಾಡೆಲ್‌ದು ಇವತ್ತಿಗೂ ಸಿಗುತ್ತೆ. ಹೊಸ ಡಿಸೈನಿನವು ಎಷ್ಟೋ, ಬಂದ ಎರಡು ವರ್ಷಕ್ಕೇ ಕಪ್ಲರ್ ಕೂಡ ಸಿಗಲ್ಲ. ಕಪ್ಲರ್ ಮುರೀತು ಅಂತ ಬೈಯಬೇಡಿ. ಬ್ಲೇಡ್ ಸಿಕ್ಕಿಹಾಕಿಕೊಂಡಾಗ ಮೋಟಾರು ಉಳೀಲಿ ಅಂತ ಅದು ಮುರಿಯುತ್ತೆ.

ಹಳೇ ಐಟಿಐ, ಪೀಣ್ಯ

ಮೇಲಿನವರು ಹೇಳಿದ್ದು ಸರಿ. ಮಿಕ್ಸಿ ತಳದ ಪ್ಲೇಟ್ ಓದೋ ಅಭ್ಯಾಸನೂ ಮಾಡಿಕೊಳ್ಳಿ. ನಮ್ಮನೇದರಲ್ಲಿ 5 ನಿಮಿಷ ಆನ್, 2 ನಿಮಿಷ ಆಫ್ ಅಂತ ಬರೆದಿದೆ. ಇಡ್ಲಿ ಹಿಟ್ಟು ಹದಿನೈದು ನಿಮಿಷ ಒಂದೇ ಸಮ ರುಬ್ಬಿದರೆ ಎಂಥ ಮೋಟಾರೂ ತಡೆಯಲ್ಲ. ಹಿಟ್ಟಿಗೆ ವೆಟ್ ಗ್ರೈಂಡರ್ ಇಟ್ಟುಕೊಂಡರೆ ಮಿಕ್ಸಿ ಆಯಸ್ಸು ಹೆಚ್ಚುತ್ತೆ.

ಸ್ಟೀಲ್ ಡಬ್ಬಿ ವಿಷಯ. ಅಡುಗೆಮನೆಗೆ ಬೇಕಾದ್ದು 304 ಗ್ರೇಡ್ ಸ್ಟೀಲ್, ಅದರಲ್ಲಿ ಸುಮಾರು ಶೇ. 18 ಕ್ರೋಮಿಯಂ, 8 ನಿಕ್ಕಲ್. ನಿಕ್ಕಲ್ ದುಬಾರಿ ಅಂತ ಅದನ್ನ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ್ದು 202. ಅಂಗಡಿಯವರು ಆಯಸ್ಕಾಂತ ಹಿಡಿದು, ನೋಡಿ ಅಂಟಲ್ಲ, ಅಸಲಿ ಅಂತಾರೆ. ನಂಬಬೇಡಿ. 202 ಕೂಡ ಅಂಟಲ್ಲ. ಸಣ್ಣ ಬ್ಯಾಟರಿ ಇಟ್ಟು ದ್ರಾವಣದ ಒಂದು ಹನಿ ಹಾಕೋ ಟೆಸ್ಟ್ ಕಿಟ್ ಬರುತ್ತೆ, 202 ಆದರೆ ಹನಿ ಕೆಂಪಾಗುತ್ತೆ. ಪಾತ್ರೆಯ ದೊಡ್ಡ ವ್ಯಾಪಾರಿಗಳಲ್ಲಿ ಕೆಲವರು ಇಟ್ಟಿರ್ತಾರೆ, ನಾಚಿಕೊಳ್ಳದೆ ಕೇಳಿ. ಜಾರ್ ತಗೊಳ್ಳುವಾಗಲೂ ಇದೇ.

ಇನ್ನೊಂದು ಮಾತು. ನಮ್ಮಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಕೈಗಡಿಯಾರ ಈಗ ನನ್ನ ಕೈಯಲ್ಲಿದೆ. 1961ರಲ್ಲಿ ಇದೇ ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ಜೊತೆ ಶುರುವಾದ ಕಾರ್ಖಾನೆ ಅದು. ದಿನಾ ಬೆಳಿಗ್ಗೆ ಕೀ ಕೊಡ್ತೀನಿ. ಕಾರ್ಖಾನೆ ಮುಚ್ಚಿದೆ, ಆದರೂ ಬಿಚ್ಚಿ ಎಣ್ಣೆ ಹಾಕಿಕೊಡೋರು ಅವೆನ್ಯೂ ರಸ್ತೆ ಕಡೆ ಇನ್ನೂ ಇದ್ದಾರೆ.

ಬೋರ್‌ವೆಲ್ ನೀರು, ವೈಟ್‌ಫೀಲ್ಡ್ ಕಡೆ

ಗೀಸರ್ ತೂತಾಗಿದ್ದಕ್ಕೆ ಮಾತ್ರ ಹೇಳ್ತೀನಿ. ಟ್ಯಾಂಕ್ ಒಳಗೆ ಮೆಗ್ನೀಸಿಯಂ ಕಡ್ಡಿ ಒಂದಿರುತ್ತೆ, ಆನೋಡ್ ಅಂತಾರೆ. ಟ್ಯಾಂಕ್ ಬದಲು ಅದು ಸವೆಯುತ್ತೆ. ಅದು ಪೂರ್ತಿ ಕರಗಿದ ಮೇಲೆ ತುಕ್ಕು ಟ್ಯಾಂಕಿಗೇ ಹತ್ತುತ್ತೆ. ನಮ್ಮ ಕಡೆ ಟ್ಯಾಂಕರ್ ನೀರು, ಗಡಸು. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡ್ತೀವಿ. ಮೊದಲ ಸಲ ಬಿಚ್ಚಿದಾಗ ಹೆಬ್ಬೆರಳು ದಪ್ಪದ ಕಡ್ಡಿ ಜಾಗದಲ್ಲಿ ಒಂದು ಕಬ್ಬಿಣದ ತಂತಿ ಮಾತ್ರ ಉಳಿದಿತ್ತು, ಕಾಯಿಲ್ ಮೇಲೆ ಸುಣ್ಣದ ಪದರ. ಕಡ್ಡಿ ಬದಲಾಯಿಸಿ, ಸುಣ್ಣ ಕೆರೆಸಿದ್ವಿ, ಅದೇ ಗೀಸರ್ ಈಗ ಒಂಬತ್ತನೇ ವರ್ಷ. ಅಂಗಡಿಯಲ್ಲಾಗಲಿ ಕೂರಿಸೋಕೆ ಬಂದವರಾಗಲಿ ಈ ಕಡ್ಡಿ ವಿಷಯ ಒಬ್ಬರೂ ಹೇಳಿರಲಿಲ್ಲ, ಅದೇ ನನಗೆ ಸಿಟ್ಟು.

ರಾಜಾಜಿನಗರ 2ನೇ ಬ್ಲಾಕ್

ವಾರಂಟಿ ಕಾರ್ಡ್ ಇನ್ನೊಮ್ಮೆ ಓದಿ. ಎಷ್ಟೋ ಮಿಕ್ಸಿಗಳಿಗೆ ಒಟ್ಟು ವಾರಂಟಿ 2 ವರ್ಷ, ಮೋಟಾರಿಗೆ ಮಾತ್ರ 5 ವರ್ಷ ಇರುತ್ತೆ. ಹದಿನೇಳು ತಿಂಗಳಿಗೆ ಸುಟ್ಟಿದ್ದು ಅದರೊಳಗೇ ಬರಬಹುದು. ಹೊರಗಡೆ ಬಿಚ್ಚಿಸೋ ಮುಂಚೆ ನೋಡಿ, ಬಿಚ್ಚಿಸಿದರೆ ವಾರಂಟಿ ಇಲ್ಲ ಅಂತಾರೆ. ಕಂಪನಿಯವರು ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಬಿಲ್ ಫೋಟೊ ತೆಗೆದಿಡಿ, ಈ ಥರ್ಮಲ್ ಕಾಗದದ ಅಕ್ಷರ ವರ್ಷದೊಳಗೇ ಮಾಸಿಹೋಗುತ್ತೆ.

ಶ್ರೀನಗರದ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಾರ್ ಬೋರಲು ಹಾಕಿ ಅಲ್ಲಾಡಿಸಿದೆ. ಹಾಲುಹಲ್ಲು ಅಲ್ಲಾಡೋ ಹಾಗೆ ಅಲ್ಲಾಡ್ತು. ಗುಂಡಿಯಲ್ಲಿ ಕಪ್ಪು ಜಿಡ್ಡು, ಬೆರಳಿಗೆ ಮೆತ್ತಿತು, ಹುಣಸೆಹಣ್ಣಿನ ವಾಸನೆ. ಎಷ್ಟು ತಿಂಗಳಿಂದ ಅದನ್ನ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗ್ತಿದ್ದೆ.

ವಾರಂಟಿ ಕಾರ್ಡ್‌ನಲ್ಲಿ ಮೋಟಾರಿಗೆ 5 ವರ್ಷ ಅಂತ ಇದೆ, ಆದರೆ ನೀರು ಇಳಿದು ಕೆಟ್ಟಿದ್ದು ಸೇರಲ್ಲ ಅಂತ ಸರ್ವಿಸ್ ಸೆಂಟರಲ್ಲಿ ವಾಪಸ್ ಕಳಿಸಿದರು. 1915ಕ್ಕೆ ಇವತ್ತು ದೂರು ಬರೆಸಿದ್ದೀನಿ. ಅದಾಗೋವರೆಗೆ ಇದನ್ನ ಬಿಚ್ಚಿಸಲ್ಲ.

ಈ ನಡುವೆ ಎರಡನೇ ಮಿಕ್ಸಿ ಅಟ್ಟದ ಮೇಲೆ ಸಿಕ್ಕಿತು. ಹನುಮಂತನಗರದಲ್ಲಿ ಒಬ್ಬರು ವಯಸ್ಸಾದ ರಿಪೇರಿಯವರ ಹತ್ರ ಒಯ್ದೆ. ಅವರು ಬಿಚ್ಚಿ, ಒಂದು ಎಳೆ ಕೆರೆದು, ತಾಮ್ರಾನೇ ಅಮ್ಮ, ಚೆನ್ನಾಗಿದೆ ಅಂತ ತೋರಿಸಿದರು. ಕಾಯಿಲ್ ಸುಟ್ಟೇ ಇರಲಿಲ್ಲ. ಕಾರ್ಬನ್ ಬ್ರಷ್ ಎರಡೂ ಸವೆದು ಉದ್ದಿನ ಕಾಳಿನಷ್ಟು ಉಳಿದಿದ್ದವು, ಅಷ್ಟೇ. ಬ್ರಷ್, ಎರಡು ಜಾರ್‌ಗೆ ಬುಷ್, ಕೂಲಿ ಸೇರಿ 480 ರೂಪಾಯಿ. ಮಾಡೆಲ್ ನಂಬರ್ ಬರ್ಕೊಂಡು, ಇದರ ಸಾಮಾನು ಸಿಗುತ್ತೆ, ಸದ್ಯಕ್ಕೆ ಹೊಸದು ತಗೋಬೇಡಿ ಅಂದರು.

ಇವತ್ತು ಬೆಳಿಗ್ಗೆ ಅದರಲ್ಲೇ ಚಟ್ನಿ ಮಾಡಿದೆ. ಅತ್ತೆ ಪಕ್ಕದಲ್ಲಿ ನಿಂತು, ಐದು ನಿಮಿಷ ಆಯ್ತು ನಿಲ್ಲಿಸು ಅಂತಿದ್ದರು.