ಜಿಮೇಲ್‌ನಲ್ಲಿ ಸರಿ, ಔಟ್‌ಲುಕ್‌ನಲ್ಲಿ ಚೆಲ್ಲಾಪಿಲ್ಲಿ

ಹೊಸ_ಕೋಡರ್: ನ್ಯೂಸ್‌ಲೆಟರ್ ಕೋಡ್ ಮಾಡುತ್ತಿದ್ದೇನೆ. ಫ್ಲೆಕ್ಸ್‌ಬಾಕ್ಸ್‌ನಲ್ಲಿ (ಭಾಗಗಳನ್ನು ಅಕ್ಕಪಕ್ಕ ಜೋಡಿಸುವ ಸಿಎಸ್‌ಎಸ್ ವಿಧಾನ) ಎರಡು ಕಾಲಂ, ಲೋಗೋಗೆ ಮ್ಯಾಕ್ಸ್-ವಿಡ್ತ್ (ಗರಿಷ್ಠ ಅಗಲ) 150 ಪಿಕ್ಸೆಲ್. ಜಿಮೇಲ್‌ನಲ್ಲಿ ಚೆನ್ನಾಗಿದೆ. ವಿಂಡೋಸ್ ಔಟ್‌ಲುಕ್‌ನಲ್ಲಿ ಮಾತ್ರ ಕಾಲಂ ಒಂದರ ಕೆಳಗೊಂದು ಬರುತ್ತವೆ, ಲೋಗೋ ಪರದೆ ತುಂಬ ಹರಡಿಕೊಳ್ಳುತ್ತದೆ, ಬಟನ್ ಮುದುಡಿ ಕೂತಿದೆ. ಏನು ಮಾಡಲಿ?

ಟೇಬಲ್_ಭಕ್ತ: 2007ರಿಂದ ವಿಂಡೋಸ್ ಔಟ್‌ಲುಕ್ ಮೇಲ್ ತೋರಿಸುವುದು ಎಂಎಸ್ ವರ್ಡ್‌ನ ಎಂಜಿನ್‌ನಲ್ಲಿ. ಅದಕ್ಕೆ ಫ್ಲೆಕ್ಸೂ ಗೊತ್ತಿಲ್ಲ, ಮ್ಯಾಕ್ಸ್-ವಿಡ್ತೂ ಗೊತ್ತಿಲ್ಲ. ಹೊಸ ಔಟ್‌ಲುಕ್‌ನಲ್ಲಿ ಈ ಕಾಟ ಇಲ್ಲ, ಆದರೆ ಹಳೆಯದನ್ನೇ ಹಿಡಿದುಕೊಂಡವರು ಇನ್ನೂ ಇದ್ದಾರಲ್ಲ.

600 ಪಿಕ್ಸೆಲ್‌ನ ಒಂದು ಟೇಬಲ್ ಹಾಕಿ, ಒಳಗೆ 300ರ ಎರಡು ಟಿಡಿ, ಅಂದರೆ ಟೇಬಲ್‌ನ ಕೋಶ. ವೆಬ್ ಪುಟದಲ್ಲಿ ಹೀಗೆ ಮಾಡಿದರೆ ಬೈಯುತ್ತಾರೆ, ಮೇಲ್‌ಗೆ ಇದೇ ಗತಿ. ಟೇಬಲ್ ಟ್ಯಾಗ್‌ಗೆ ರೋಲ್ ಪ್ರೆಸೆಂಟೇಶನ್ ಅಂತ ಸೇರಿಸಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ) ಸಾಲು, ಕಾಲಂ ಎಣಿಸುತ್ತಾ ಕೂರುತ್ತದೆ.

ಲೋಗೋದ ಟ್ಯಾಗ್‌ನಲ್ಲೇ ವಿಡ್ತ್ ಆಟ್ರಿಬ್ಯೂಟ್ ಕೊಡಿ. ಬರೀ 150, ಪಿಎಕ್ಸ್ ಬೇಡ. ಬಟನ್‌ನ ಪ್ಯಾಡಿಂಗ್ ಲಿಂಕ್‌ಗಲ್ಲ, ಟಿಡಿಗೆ. ದುಂಡು ಮೂಲೆ ಬರುವುದಿಲ್ಲ. ವಿಎಂಎಲ್ (ಆಕಾರ ಬಿಡಿಸುವ ಮೈಕ್ರೋಸಾಫ್ಟ್‌ನ ಹಳೆಯ ಕೋಡ್) ಬರೆದರೆ ಬರುತ್ತದೆ, ನನಗಂತೂ ಅಷ್ಟು ಪುರುಸೊತ್ತಿಲ್ಲ.

ಹೊಸ_ಕೋಡರ್: ಔಟ್‌ಲುಕ್ ಸರಿಹೋಯ್ತು! ಈಗ ಮೊಬೈಲ್‌ನಲ್ಲಿ ಎರಡು ಕಾಲಂ ಇಕ್ಕಟ್ಟು. ಪರದೆಯ ಅಗಲ ನೋಡಿ ವಿನ್ಯಾಸ ಬದಲಿಸುವ ಮೀಡಿಯಾ ಕ್ವೆರಿ ಸಾಕಲ್ವಾ?

ಟೇಬಲ್_ಭಕ್ತ: ಸಾಲದು. ಜಿಮೇಲ್ ಆ್ಯಪ್‌ಗೆ ಬೇರೆ ಕಂಪನಿಯ ಖಾತೆ ಸೇರಿಸಿಕೊಂಡವರಿಗೆ ಸ್ಟೈಲ್ ಬ್ಲಾಕ್ (ಸಿಎಸ್‌ಎಸ್ ಬರೆಯುವ ಸ್ಟೈಲ್ ಟ್ಯಾಗ್) ಪೂರ್ತಿ ಹಾರಿಹೋಗುತ್ತದೆ. ಮೀಡಿಯಾ ಕ್ವೆರಿ ಇರುವುದು ಅದರೊಳಗೇ ತಾನೇ.

ಕಾಲಂಗಳನ್ನು ಇನ್‌ಲೈನ್-ಬ್ಲಾಕ್ ಡಿವ್ ಮಾಡಿ, ಅಂದರೆ ಪದಗಳಂತೆ ಒಂದೇ ಸಾಲಿನಲ್ಲಿ ಕೂರುವ ಪೆಟ್ಟಿಗೆಗಳು. ವಿಡ್ತ್ 100%, ಮ್ಯಾಕ್ಸ್-ವಿಡ್ತ್ 300. ಜಾಗ ಸಾಲದಿದ್ದರೆ ತಾವೇ ಕೆಳಗಿಳಿಯುತ್ತವೆ. ನೀವು ಈಗ ಮಾಡಿದ ಟೇಬಲ್‌ನ ಟ್ಯಾಗ್‌ಗಳನ್ನು ಮಾತ್ರ (ಒಳಗಿನ ವಿಷಯವನ್ನಲ್ಲ) 'ಇಫ್ ಎಂಎಸ್‌ಒ' ಕಾಮೆಂಟ್‌ನಲ್ಲಿ ಸುತ್ತಿಡಿ, ಆಗ ಅವು ಔಟ್‌ಲುಕ್‌ಗೆ ಮಾತ್ರ ಕಾಣುತ್ತವೆ.

ಒಂದು ಕಿರಿಕಿರಿ ಇದೆ. ಮೊದಲ ಡಿವ್ ಮುಗಿಸಿ ಎಂಟರ್ ಒತ್ತಿ ಎರಡನೆಯದನ್ನು ಶುರು ಮಾಡಿದರೆ, ಆ ಎಂಟರ್ ಒಂದು ಸ್ಪೇಸ್ ಆಗುತ್ತದೆ. 300, 300, ಜೊತೆಗೆ ಸ್ಪೇಸ್‌ನ ಅಗಲ. 600 ದಾಟಿತು, ಡೆಸ್ಕ್‌ಟಾಪ್‌ನಲ್ಲೂ ಎರಡನೆಯ ಕಾಲಂ ಕೆಳಗೆ ಬಿತ್ತು. ಡಿವ್‌ಗಳನ್ನು ಅಂಟಿಸಿಯೇ ಬರೆಯಿರಿ, ಇಲ್ಲವೇ ಇವನ್ನೆಲ್ಲ ಸುತ್ತುವರಿದ, ಕಾಮೆಂಟ್‌ನಲ್ಲಿಲ್ಲದ ಹೊರಗಿನ ಟಿಡಿಗೆ ಫಾಂಟ್-ಸೈಜ್ 0 ಕೊಟ್ಟು ಡಿವ್‌ಗಳ ಒಳಗೆ ಮತ್ತೆ 16 ಮಾಡಿ.

ಮೇಲ್_ಮನುಷ್ಯ: ಎಚ್‌ಟಿಎಂಎಲ್ 102 ಕೆಬಿ ದಾಟದಂತೆಯೂ ನೋಡಿಕೊಳ್ಳಿ. ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸುತ್ತದೆ. ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುವುದು ತಳದಲ್ಲೇ, ಅಲ್ವಾ? ಚಿತ್ರಗಳ ತೂಕ ಇದಕ್ಕೆ ಸೇರುವುದಿಲ್ಲ.

ಟೇಬಲ್_ಭಕ್ತ: ಹೌದು. ಮತ್ತೆ ಲೋಗೋ ಎಸ್‌ವಿಜಿ ಆಗಿದ್ದರೆ ಪಿಎನ್‌ಜಿ ಮಾಡಿ, ಜಿಮೇಲ್ ಅದನ್ನು ತೋರಿಸುವುದಿಲ್ಲ. ಹಿನ್ನೆಲೆ ಇಲ್ಲದ ಕಪ್ಪು ಲೋಗೋ ಆದರೆ ಅಂಚಿಗೆ ತೆಳ್ಳಗೆ ಬಿಳಿ ಗೆರೆ ಎಳೆಯಿರಿ. ಡಾರ್ಕ್ ಮೋಡ್‌ನಲ್ಲಿ ಕಾಣುವುದು ಆ ಗೆರೆಯಿಂದಲೇ.