ಎಡ್ಜ್‌ಫೀಲ್ಡ್ ಜಾಡಿ ಕೊಳ್ಳೋದ್ರಲ್ಲಿ ತಪ್ಪೇನಿದೆ?

ಅಟ್ಲಾಂಟಾ ರಾಘು: ಮನೆ ಖಾಲಿ ಮಾಡೋರ ಹತ್ರ ಹಳೇ ಸ್ಟೋನ್‌ವೇರ್ (ಹೆಚ್ಚು ಕಾವಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಜಾಡಿ ಸಿಕ್ತು. ಅಮೆರಿಕದ ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡ್‌ದು. ಹಸಿರು-ಕಂದು ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಗೆರೆ ಗೆರೆಯಾಗಿ ಕೆಳಗಿಳಿದಿದೆ, ಕುತ್ತಿಗೆ ಕೆಳಗೆ ಎರಡು ದಪ್ಪ ಹಿಡಿ. ಡೇವಿಡ್ ಡ್ರೇಕ್ ಮಾಡಿದ್ದೇ ಅಂದ್ರು ಮಾರಿದವರು. ಗುಲಾಮನಾಗಿದ್ದ ಆ ಕುಂಬಾರನ 1858ರ 25 ಗ್ಯಾಲನ್ ಜಾಡಿ 2021ರ ಹರಾಜಲ್ಲಿ 15.6 ಲಕ್ಷ ಡಾಲರ್‌ಗೆ ಹೋಯ್ತು. ನಮ್ಮಂಥವರು ಕೊಳ್ಳದಿದ್ರೆ ಇವೆಲ್ಲ ಹಿತ್ತಲಲ್ಲಿ ಬಿದ್ದಿರ್ತಿದ್ವು.

ಕಟ್ಟೆ ಕೃಷ್ಣಪ್ಪ: "ಅಂದ್ರು ಮಾರಿದವರು"! ಮಾರೋನು ಇನ್ನೇನಂತಾನೆ? ಹಸಿಮಣ್ಣಲ್ಲಿ ಗೀರಿದ "ಡೇವ್" ಸಹಿ ಇದೆಯಾ? ತಾರೀಖು? ಒಡೆಯ ಲೂಯಿಸ್ ಮೈಲ್ಸ್‌ನ "ಎಲ್‌ಎಂ" ಗುರುತಾದ್ರೂ? ಫೋಟೋ ಹಾಕಿ.

ಅಟ್ಲಾಂಟಾ ರಾಘು: ಅವನು ಎಲ್ಲದಕ್ಕೂ ಸಹಿ ಹಾಕಿಲ್ಲ ಅನ್ನೋದು ತಿಳಿದವರಿಗೆ ಗೊತ್ತು.

ಸುಮಾ ಎಚ್: "ನಮ್ಮಂಥವರು" ಅಂತೆ! 1834ರ ಕಾನೂನಿನಲ್ಲಿ ಅಲ್ಲಿ ಗುಲಾಮರಿಗೆ ಓದು-ಬರಹ ಕಲಿಸೋದೇ ಅಪರಾಧ. ಅಂಥ ಕಡೆ ಆತ 1857ರ ಜಾಡಿ ಮೇಲೆ ನನ್ನ ಬಂಧುಗಳೆಲ್ಲ ಎಲ್ಲಿದ್ದಾರೋ ಅಂತ ಪದ್ಯ ಕೊರೆದ. ಬೋಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್ 2025ರಲ್ಲಿ ಎರಡು ಜಾಡಿಗಳ ಒಡೆತನ ಆತನ ವಂಶಸ್ಥರಿಗೆ ಬಿಟ್ಟುಕೊಟ್ಟು, ಒಂದನ್ನ ಅವರ ಕೈಗೇ ದುಡ್ಡು ಕೊಟ್ಟು ವಾಪಸ್ ಕೊಂಡುಕೊಳ್ತು. ನೀವು ಯಾರ ಕೈಗೆ ಕೊಟ್ರಿ?

ಶಿವು ಸಿರಾಮಿಕ್ಸ್: ಆ "ಹಸಿರು-ಕಂದು ಗ್ಲೇಜ್" ಅಮೆರಿಕದ್ದೇ ಅಲ್ಲ ಸ್ವಾಮಿ. ಬೂದಿ, ಸುಣ್ಣ, ಮರಳು ಕಲಸಿ ಬಳಿಯೋದು ಚೀನಾದ ವಿದ್ಯೆ, ಹಾನ್ ರಾಜವಂಶದ ಕಾಲದ್ದು.

ಕಟ್ಟೆ ಕೃಷ್ಣಪ್ಪ: ಚೀನಾದಿಂದ ಎಡ್ಜ್‌ಫೀಲ್ಡ್‌ಗೆ ಬಸ್ಸಿತ್ತಾ?

ಶಿವು ಸಿರಾಮಿಕ್ಸ್: ಪುಸ್ತಕ ಇತ್ತು. ಫ್ರಾನ್ಸಿನ ಪಾದ್ರಿ ಡಾಂತ್ರೆಕೊಲ್ ಚೀನಾದಿಂದ ಬರೆದ ಪತ್ರಗಳು 1735ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದವು. ಸುಣ್ಣ, ಜರೀಗಿಡದ ಬೂದಿ ಎಲ್ಲ ಅದರಲ್ಲಿದೆ. ಎಡ್ಜ್‌ಫೀಲ್ಡ್‌ನಲ್ಲಿ ಕುಂಬಾರಿಕೆ ಶುರು ಮಾಡಿದ ಆಬ್ನರ್ ಲ್ಯಾಂಡ್ರಮ್ ಓದಿದವನು, ಪತ್ರಿಕೆ ನಡೆಸಿದವನು.

ಕಟ್ಟೆ ಕೃಷ್ಣಪ್ಪ: "ಓದಿದವನು" ಅಂದ ಮಾತ್ರಕ್ಕೆ ಇದನ್ನೇ ಓದಿದ ಅಂತಾನಾ? ದಾಖಲೆ ತೋರಿಸಿ. ಆ ಪತ್ರದಲ್ಲಿರೋದು ಪಿಂಗಾಣಿ ವಿಷಯ, ಇದು ಸ್ಟೋನ್‌ವೇರ್. ಬೇರೆ ಕಡೆ ಉರಿಯೋ ಆವಿಗೆಗೆ ಉಪ್ಪೆರಚಿ ಗ್ಲೇಜ್ ಬರಿಸ್ತಿದ್ರು; ಒಳನಾಡಿಗೆ ಉಪ್ಪು ತರೋದು ದುಬಾರಿ, ಆವಿಗೆ ಬಾಯಲ್ಲಿ ಬೂದಿ ಪುಕ್ಕಟೆ. ಅಷ್ಟೇ ಕಥೆ.

ಶಿವು ಸಿರಾಮಿಕ್ಸ್: "ಒಳನಾಡಿಗೆ ಉಪ್ಪು ದುಬಾರಿ"! ಹಂಗಾದ್ರೆ ಉತ್ತರ ಕೆರೊಲಿನಾದ ಸೀಗ್ರೋವ್ ಸುತ್ತಮುತ್ತ ಹೇಗೆ ಉಪ್ಪೆರಚಿ ಸುಡ್ತಿದ್ರು? ಅದೇನು ಸಮುದ್ರದ ದಂಡೆಯಾ? ನಕ್ಷೆ ನೋಡಿ ಮಾತಾಡಿ.

ಕಟ್ಟೆ ಕೃಷ್ಣಪ್ಪ: ನಕ್ಷೆ ನಂಗೆ ಹೇಳಿಕೊಡ್ಬೇಡಪ್ಪ. ದಾಖಲೆ ಕೇಳಿದ್ರೆ ಭೂಗೋಳ ಪಾಠ ಮಾಡ್ತಾನೆ.

ಶಿವು ಸಿರಾಮಿಕ್ಸ್: ಏಕವಚನ ಬೇಡ.

ಸುಮಾ ಎಚ್: ಲ್ಯಾಂಡ್ರಮ್ ಲ್ಯಾಂಡ್ರಮ್ ಅಂತಿದೀರಲ್ಲ, ಆ ಕಾರ್ಖಾನೆಗಳಲ್ಲಿ ಮಣ್ಣು ತುಳಿದು, ಸೌದೆ ಒಡೆದು, ರಾತ್ರಿಯೆಲ್ಲ ಆವಿಗೆಗೆ ಬೆಂಕಿ ಹಾಕಿದವರು ಯಾರು? ಬೂದಿಯ ಹದ ಕಂಡುಕೊಂಡಿದ್ದು ಅವರೇ ಯಾಕಾಗಿರಬಾರದು?

ಶಿವು ಸಿರಾಮಿಕ್ಸ್: "ಯಾಕಾಗಿರಬಾರದು" ಅನ್ನೋದು ಪುರಾವೆ ಅಲ್ಲ ಮೇಡಂ.

ಕಟ್ಟೆ ಕೃಷ್ಣಪ್ಪ: ನಿಮ್ಮ ಪಾದ್ರಿ ಪತ್ರಾನೂ ಅಲ್ಲ! ರಾಘು ಅವ್ರೇ, ಫೋಟೋ ಎಲ್ಲಿ?

ಅಟ್ಲಾಂಟಾ ರಾಘು: ಫೋಟೋ ಹಾಕಿದ್ರೆ ನಾಳೆನೇ ದಲ್ಲಾಳಿಗಳು ಬಾಗಿಲಿಗೆ ಬರ್ತಾರೆ. ಸುಮಾ ಅವ್ರೇ, ನಾನೇನು ಮ್ಯೂಸಿಯಂ ಅಲ್ಲ, ನ್ಯಾಯವಾಗಿ ದುಡ್ಡು ಕೊಟ್ಟು ತಂದಿದೀನಿ.

ಸುಮಾ ಎಚ್: "ನ್ಯಾಯವಾಗಿ" ದುಡ್ಡು ಕೊಟ್ಟೇ ಅಲ್ವಾ ಡೇವ್‌ನನ್ನೂ ಕೊಂಡಿದ್ದು?

ಶಿವು ಸಿರಾಮಿಕ್ಸ್: ಚರ್ಚೆ ಗ್ಲೇಜ್ ಬಗ್ಗೆ ನಡೀತಿತ್ತು.

ಕಟ್ಟೆ ಕೃಷ್ಣಪ್ಪ: ನಡೆಸಿದ್ದು ನೀವೊಬ್ರೇ.

ಅಟ್ಲಾಂಟಾ ರಾಘು: ಅಂದಹಾಗೆ, ಕೇಯೊಲಿನ್ ಅನ್ನೋ ಬಿಳಿ ಜೇಡಿಮಣ್ಣಿನ ಕಣ್ಣು-ಹಲ್ಲು ಕೂರಿಸಿರೋ ಎಡ್ಜ್‌ಫೀಲ್ಡ್ ಮುಖದ ಹೂಜಿ ಯಾರ ಹತ್ರಾದ್ರೂ ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ.